ತಾಯಿಯ ಮಗ್ಗುಲಿಗೆ ಮರಳಿದ ಕೂಸು

ಅಫೀಮು, ಅದರಿಂದ ತೆಗೆದ ಮಾರ್ಫಿನ್, ಮಾರ್ಫಿನ್‌ನಿಂದ ತಯಾರಾದ ಹೆರಾಯಿನ್, ವೈದ್ಯರು ಚೀಟಿ ಬರೆದುಕೊಡುವ ಕೆಲವು ಬಲವಾದ ನೋವಿನ ಮಾತ್ರೆಗಳು, ಇವೆಲ್ಲ ಓಪಿಯಾಯ್ಡ್ ಎಂಬ ಒಂದೇ ಗುಂಪಿನ ಮದ್ದುಗಳು. ಬಸುರಿ ಹೆಂಗಸು ಇವನ್ನು ದಿನವೂ ತೆಗೆದುಕೊಳ್ಳುತ್ತಿದ್ದರೆ ಮದ್ದು ಮಾಸನ್ನು ದಾಟಿ ಹೊಟ್ಟೆಯೊಳಗಿನ ಕೂಸನ್ನೂ ಸೇರುತ್ತದೆ. ತಿಂಗಳುಗಟ್ಟಲೆ ಹೀಗಾದಾಗ ಕೂಸಿನ ನರಮಂಡಲ ಅದಕ್ಕೆ ಒಗ್ಗಿಹೋಗುತ್ತದೆ. ಹೆರಿಗೆಯಾಗಿ ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಮದ್ದು ಒಮ್ಮೆಲೇ ನಿಲ್ಲುತ್ತದೆ. ಅಲ್ಲಿಯವರೆಗೆ ಮದ್ದು ಅದುಮಿಟ್ಟಿದ್ದ ನರಗಳು ಕೆರಳುತ್ತವೆ. ಹೆರಾಯಿನ್ ಆದರೆ ಸಾಮಾನ್ಯವಾಗಿ ಒಂದು ದಿನದೊಳಗೆ, ಮೆಥಡೋನ್‌ನಂಥ ನಿಧಾನದ ಓಪಿಯಾಯ್ಡ್ ಆದರೆ ಎರಡು ಮೂರು ದಿನಕ್ಕೆ ಲಕ್ಷಣಗಳು ಕಾಣುತ್ತವೆ. ಕೂಸು ಕೀರಲು ದನಿಯಲ್ಲಿ ಬಿಡದೆ ಅಳುತ್ತದೆ, ಕೈಕಾಲು ನಡುಗುತ್ತವೆ, ಮೈ ಬಿಗಿದುಕೊಳ್ಳುತ್ತದೆ. ಮೇಲಿಂದ ಮೇಲೆ ಸೀನು, ಆಕಳಿಕೆ, ಬೆವರು. ಹಸಿದು ಮುಷ್ಟಿ ಚೀಪುತ್ತಿದ್ದರೂ ಮೊಲೆ ಕೊಟ್ಟರೆ ಸರಿಯಾಗಿ ಹಿಡಿದು ಕುಡಿಯಲಾರದು, ಕುಡಿದದ್ದನ್ನು ಕಕ್ಕುತ್ತದೆ, ಭೇದಿಯಾಗಿ ಚರ್ಮ ಕೆಂಪೇರಿ ಸುಲಿಯುತ್ತದೆ. ಕೆಲವು ಕೂಸುಗಳಿಗೆ ಫಿಟ್ಸ್ ಕೂಡ ಬರುತ್ತದೆ. ಇದನ್ನು ಚಟ ಎನ್ನುವುದು ತಪ್ಪು. ಕೂಸು ಏನನ್ನೂ ಬಯಸಿ ಪಡೆದಿಲ್ಲ, ಅದರ ಮೈ ಒಗ್ಗಿಕೊಂಡಿತ್ತು, ಅಷ್ಟೇ.

ಈ ಸ್ಥಿತಿಯ ಮೊದಲ ವೈದ್ಯಕೀಯ ವರದಿ 1875ರಲ್ಲಿ ಜರ್ಮನಿಯಿಂದ ಬಂತು. ಅದೇ ಶತಮಾನದ ಆರಂಭದಲ್ಲಿ ಜರ್ಮನಿಯ ಸರ್ಟ್ಯೂರ್ನರ್ ಎಂಬ ಯುವ ಔಷಧಿಕಾರ ಅಫೀಮಿನಿಂದ ಮಾರ್ಫಿನ್ ಬೇರ್ಪಡಿಸಿದ್ದ; ಶತಮಾನದ ನಡುವೆ ಚುಚ್ಚುಮದ್ದಿನ ಸೂಜಿಯೂ ಬಂತು. ನೋವಿಗೆಂದು, ನಿದ್ದೆಗೆಂದು, ಮುಟ್ಟಿನ ಹೊಟ್ಟೆನೋವಿಗೆಂದು ವೈದ್ಯರೇ ಹೆಂಗಸರಿಗೆ ಮಾರ್ಫಿನ್ ಧಾರಾಳವಾಗಿ ಕೊಡುತ್ತಿದ್ದ ಕಾಲ ಅದು. ಅಂಥ ತಾಯಂದಿರಿಗೆ ಹುಟ್ಟಿದ ಎಷ್ಟೋ ಕೂಸುಗಳು ಕೆಲವೇ ದಿನಗಳಲ್ಲಿ ಸೆಳೆತ ಬಂದು ತೀರಿಕೊಳ್ಳುತ್ತಿದ್ದವು. ಇದನ್ನು ಜನ್ಮಜಾತ ಮಾರ್ಫಿನ್ ರೋಗವೆಂದು ಕರೆದರು. ಕಾಯಿಲೆಯ ಗುರುತು ಸಿಕ್ಕಿತ್ತು, ಆದರೆ ಮಾಡಬೇಕಾದದ್ದು ಏನೆಂದು ಯಾರಿಗೂ ಹೊಳೆದಿರಲಿಲ್ಲ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕೆಲವು ವೈದ್ಯರು ಕೂಸಿಗೇ ಅತಿ ಸಣ್ಣ ಪ್ರಮಾಣದಲ್ಲಿ ಮಾರ್ಫಿನ್ ಕೊಟ್ಟು, ಅದನ್ನು ದಿನದಿನವೂ ಇಳಿಸುತ್ತಾ ಬಂದಾಗ ಕೂಸುಗಳು ಬದುಕತೊಡಗಿದವು. ಒಗ್ಗಿದ ಮದ್ದನ್ನು ಒಮ್ಮೆಲೇ ನಿಲ್ಲಿಸದೆ ಮೆಲ್ಲಗೆ ಬಿಡಿಸುವ ಈ ದಾರಿ ಇಂದಿಗೂ ಉಳಿದುಕೊಂಡಿದೆ.

ಆ ಕಾಲದಲ್ಲಿ ಹುಟ್ಟಿದ ಮೇಲೂ ಕೂಸುಗಳ ಬಾಯಿಗೆ ಅಫೀಮು ಬೀಳುತ್ತಿತ್ತು. ಇಂಗ್ಲೆಂಡಿನ ಕಾರ್ಖಾನೆ ಪಟ್ಟಣಗಳಲ್ಲಿ ಗಾಡ್‌ಫ್ರೀ ಕಾರ್ಡಿಯಲ್ ಎಂಬ ಅಫೀಮಿನ ಪಾನಕ, ಅಮೆರಿಕದಲ್ಲಿ 1849ರಿಂದ ಮಿಸೆಸ್ ವಿನ್ಸ್ಲೋ ಹೆಸರಿನ ಮಾರ್ಫಿನ್ ಬೆರೆತ ಸಿರಪ್ ಮನೆಮನೆಗೂ ಬಂದವು. ಹಲ್ಲು ಬರುವಾಗ ರಚ್ಚೆ ಹಿಡಿಯುವ ಮಗುವಿಗೆ ಒಂದು ಚಮಚ, ಮಗು ಗಪ್‌ಚಿಪ್. ಕೆಲವು ಮಕ್ಕಳು ಮತ್ತೆ ಏಳಲೇ ಇಲ್ಲ. ಮುಂಬಯಿಯ ಬಟ್ಟೆ ಗಿರಣಿಗಳಿಗೆ ಬೆಳಗ್ಗೆ ಹೊರಡುವ ತಾಯಂದಿರು ಬಾಲಗೋಳಿ ಎಂಬ ಅಫೀಮಿನ ಗುಳಿಗೆ ಕೊಟ್ಟು ಮಗುವನ್ನು ಮಲಗಿಸಿ ಹೋಗುತ್ತಿದ್ದರು. ಹತ್ತು ಹನ್ನೆರಡು ಗಂಟೆ ದುಡಿಮೆ, ಮಗುವನ್ನು ಬಿಡಲು ಜಾಗವಿಲ್ಲ, ಹೊತ್ತಿಗೆ ಹಾಲೂಡಿಸಲು ಬಿಡುವಿಲ್ಲ. ಅವರನ್ನು ದೂರುವ ಮೊದಲು ಇಷ್ಟನ್ನಾದರೂ ನೆನೆಯಬೇಕು. ಅಮೆರಿಕದಲ್ಲಿ 1906ರ ಕಾನೂನು ಬಾಟಲಿಯ ಮೇಲೆ ಮಾರ್ಫಿನ್ ಹೆಸರು ಅಚ್ಚು ಹಾಕಲೇಬೇಕೆಂದಿತು; 1914ರ ಹ್ಯಾರಿಸನ್ ಕಾಯ್ದೆ ಓಪಿಯಾಯ್ಡ್ ಮಾರಾಟವನ್ನೇ ಬಿಗಿಗೊಳಿಸಿತು. ಸಿರಪ್‌ಗಳ ಕಾಲ ಮೆಲ್ಲಗೆ ಮುಗಿಯಿತು. ಅದರೊಂದಿಗೇ ಮದ್ದಿಗೆ ಒಗ್ಗಿಹೋಗಿದ್ದ ಹೆಂಗಸು ರೋಗಿಯ ಸಾಲಿನಿಂದ ಅಪರಾಧಿಯ ಸಾಲಿಗೆ ಸರಿದಳು. ಅವಳ ಕೂಸಿನ ಆರೈಕೆಯ ಮೇಲೆ ಆ ಬದಲಾವಣೆಯ ನೆರಳು ನೂರು ವರ್ಷ ಬಿದ್ದಿತ್ತು.

ಎರಡನೇ ಮಹಾಯುದ್ಧದ ನಂತರ ನ್ಯೂಯಾರ್ಕ್, ಫಿಲಡೆಲ್ಫಿಯಾದಂಥ ನಗರಗಳ ಬಡ ಬಡಾವಣೆಗಳಿಗೆ ಹೆರಾಯಿನ್ ನುಗ್ಗಿತು. ಐವತ್ತರ, ಅರವತ್ತರ ದಶಕಗಳಲ್ಲಿ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ವಾರ್ಡುಗಳಲ್ಲಿ ನಡುಗುವ ಕೂಸುಗಳು ಅಪರೂಪವಾಗಿ ಉಳಿಯಲಿಲ್ಲ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಕ್ಲಾರಾ ಹೇಲ್ ಎಂಬ ಹಿರಿಯ ಹೆಂಗಸು 1969ರಲ್ಲಿ ತನ್ನ ಮನೆಯಲ್ಲೇ ಅಂಥ ಕೂಸುಗಳನ್ನು ಸಾಕಲು ತೊಡಗಿದಳು. ಎತ್ತಿಕೊಳ್ಳುವುದು, ತೂಗುವುದು, ರಾತ್ರಿಯೆಲ್ಲ ಹೊತ್ತು ತಿರುಗುವುದು, ಅವಳಿಗೆ ಗೊತ್ತಿದ್ದ ಚಿಕಿತ್ಸೆ ಇದೇ. ತಾಯಿ ಚಿಕಿತ್ಸೆ ಮುಗಿಸಿ ಬಂದಾಗ ಮಗುವನ್ನು ಅವಳ ಕೈಗೆ ಒಪ್ಪಿಸುವುದು ಗುರಿ. ಹಾರ್ಲೆಮ್ ಅವಳನ್ನು ಮದರ್ ಹೇಲ್ ಎಂದು ಕರೆಯಿತು. 1985ರಲ್ಲಿ ಅಧ್ಯಕ್ಷ ರೇಗನ್ ಸಂಸತ್ತಿನ ಎದುರು ಮಾಡಿದ ಭಾಷಣದಲ್ಲಿ ಅವಳನ್ನು ಕೊಂಡಾಡಿದರು. ಆಸ್ಪತ್ರೆಗಳು ಮಾತ್ರ ಅವಳ ದಾರಿ ಹಿಡಿಯಲಿಲ್ಲ. ಹಿಡಿದಿದ್ದರೆ ಎಷ್ಟೋ ಕೂಸುಗಳು ವಾರಗಟ್ಟಲೆ ಒಂಟಿಯಾಗಿ ಮಲಗುವುದು ತಪ್ಪುತ್ತಿತ್ತು.

ತಾಯಿಯ ಚಿಕಿತ್ಸೆಯಲ್ಲೂ ಆಗ ದೊಡ್ಡ ತಿರುವು ಬಂದಿತ್ತು. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ವಿನ್ಸೆಂಟ್ ಡೋಲ್ ಮತ್ತು ಮೇರಿ ನೈಸ್ವಾಂಡರ್ 1960ರ ದಶಕದ ನಡುವೆ ಹೆರಾಯಿನ್ ಚಟವಿದ್ದವರ ಮೇಲೆ ಮೆಥಡೋನ್ ಪ್ರಯೋಗಿಸಿದರು. ದಿನಕ್ಕೆ ಒಂದು ಸಲ ಕುಡಿದರೆ ಸಾಕು. ಅಮಲು ಏರುವುದಿಲ್ಲ, ಹೆರಾಯಿನ್‌ಗಾಗಿ ಬೀದಿ ಅಲೆಯುವುದು ತಪ್ಪುತ್ತದೆ. ಬಸುರಿಯರಿಗೂ ಇದೇ ಒಳ್ಳೆಯದೆಂಬುದು ಮುಂದೆ ಖಚಿತವಾಯಿತು. ಗರ್ಭಿಣಿಗೆ ಮದ್ದನ್ನು ಒಮ್ಮೆಲೇ ಬಿಡಿಸಲು ಹೋದರೆ ಅವಳು ಮತ್ತೆ ಹೆರಾಯಿನ್‌ಗೆ ಮರಳುವ, ಮಿತಿಮೀರಿ ತೆಗೆದುಕೊಂಡು ಸಾಯುವ ಅಪಾಯ ಹೆಚ್ಚು. ಮೆಥಡೋನ್ ಪಡೆದ ತಾಯಿಯ ಕೂಸಿಗೂ ನಡುಕ, ಅಳು ಬರಬಹುದು, ನಿಜ. ಆದರೆ ಅದು ಮೊದಲೇ ಗೊತ್ತಿರುವ, ಉಪಚಾರ ಮಾಡಬಹುದಾದ ತೊಂದರೆ.

ಆ ಉಪಚಾರಕ್ಕೆ ಅಳತೆಗೋಲು ಕೊಟ್ಟವರು ಫಿಲಡೆಲ್ಫಿಯಾದ ನವಜಾತ ಶಿಶು ತಜ್ಞೆ ಲೊರೆಟ್ಟಾ ಫಿನೆಗನ್. ಯಾವ ಕೂಸಿಗೆ ಮದ್ದು ಬೇಕು, ಎಷ್ಟು, ಯಾವಾಗ ಇಳಿಸಬೇಕು ಎಂಬುದನ್ನು ಒಬ್ಬೊಬ್ಬ ವೈದ್ಯರು ಒಂದೊಂದು ರೀತಿ ತೀರ್ಮಾನಿಸುತ್ತಿದ್ದರು. ಫಿನೆಗನ್ ಮತ್ತು ಜೊತೆಯವರು ಲಕ್ಷಣಗಳನ್ನೆಲ್ಲ ಪಟ್ಟಿ ಮಾಡಿ, ಒಂದೊಂದಕ್ಕೂ ಅಂಕ ಗೊತ್ತುಮಾಡಿ 1975ರಲ್ಲಿ ಪ್ರಕಟಿಸಿದರು. ನರ್ಸ್ ಕೆಲವು ಗಂಟೆಗೊಮ್ಮೆ ಹಾಳೆ ಹಿಡಿದು ತೊಟ್ಟಿಲ ಬಳಿ ಬರುತ್ತಾಳೆ. ಅಳು ಎಷ್ಟು ಕೀರಲು? ಹಾಲು ಕುಡಿದ ಮೇಲೆ ನಿದ್ದೆ ಒಂದು ಗಂಟೆಯೋ ಎರಡೋ ಮೂರೋ? ಮುಟ್ಟಿದಾಗ ನಡುಕವೋ, ಮುಟ್ಟದಿದ್ದರೂ ನಡುಕವೋ? ಎಷ್ಟು ಸೀನು, ಎಷ್ಟು ಆಕಳಿಕೆ? ಮೊಣಕೈ ತರಚಿದೆಯೇ? ಒಟ್ಟು ಅಂಕ ಸತತ ಮೂರು ಸಲ 8 ಮುಟ್ಟಿದರೆ ಮದ್ದು ಆರಂಭ. ಊಹೆಯ ಜಾಗದಲ್ಲಿ ನೋಟ ಬಂತು, ಕೂಸುಗಳ ಜೀವ ಉಳಿಯಿತು; ಫಿನೆಗನ್ ಹಾಳೆ ಲೋಕದ ಆಸ್ಪತ್ರೆಗಳಿಗೆಲ್ಲ ಹರಡಿತು. ಫಿನೆಗನ್ ತಾಯಂದಿರನ್ನು ಮರೆತವರಲ್ಲ. ಬಸುರಿಯರಿಗೆ ಮೆಥಡೋನ್, ಹೆರಿಗೆಯ ಆರೈಕೆ, ಆಪ್ತ ಸಲಹೆ ಎಲ್ಲ ಒಂದೇ ಕಡೆ ಸಿಗುವ ಕೇಂದ್ರವನ್ನೂ ಅವರು ಫಿಲಡೆಲ್ಫಿಯಾದಲ್ಲಿ ನಡೆಸಿದರು.

ಆಸ್ಪತ್ರೆಗಳು ಅವರಿಂದ ಹಾಳೆಯನ್ನು ತೆಗೆದುಕೊಂಡವು, ಕೇಂದ್ರದ ಮಾದರಿಯನ್ನು ಅಷ್ಟಾಗಿ ತೆಗೆದುಕೊಳ್ಳಲಿಲ್ಲ. ಅಂಕ ಹಾಕಬೇಕು, ಮದ್ದು ಕೊಡಬೇಕು, ಉಸಿರಿನ ಮೇಲೆ ಕಣ್ಣಿಡಬೇಕು ಎಂದು ಕೂಸನ್ನು ನವಜಾತ ಶಿಶುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುಗೆ ಸಾಗಿಸುವುದೇ ರೂಢಿಯಾಯಿತು. ಅಲ್ಲಿ ಹಗಲಿರುಳು ಬೆಳಕು, ಯಂತ್ರಗಳ ಕೂಗು. ತಾಯಿಗೆ ಮಲಗಲು ಜಾಗವಿಲ್ಲ. ನಿದ್ದೆ ಹತ್ತಿದ ಕೂಸನ್ನು ಅಂಕಕ್ಕಾಗಿ ಎಬ್ಬಿಸುವುದೂ ಉಂಟು. ಎಬ್ಬಿಸಿದ ಕೂಸು ಅಳುತ್ತದೆ, ಅತ್ತರೆ ಅಂಕ ಏರುತ್ತದೆ, ಅಂಕ ಏರಿದರೆ ಮದ್ದು ಏರುತ್ತದೆ. ಮದ್ದಿನ ಬಗೆ ಹಲವು ಸಲ ಬದಲಾಯಿತು: ಕರ್ಪೂರ ಮತ್ತು ಮದ್ಯಸಾರ ಬೆರೆತ ಅಫೀಮಿನ ದ್ರಾವಣ, ಫೀನೊಬಾರ್ಬಿಟಾಲ್, ಡಯಾಜೆಪಾಮ್, ಕೊನೆಗೆ ಬಾಯಿಗೆ ಹಾಕುವ ಮಾರ್ಫಿನ್ ಹನಿ. ಆದರೆ ಕೂಸು ಮಲಗುವ ಜಾಗ ಬದಲಾಗಲಿಲ್ಲ.

ಎಂಬತ್ತರ, ತೊಂಬತ್ತರ ದಶಕಗಳಲ್ಲಿ ಕೊಕೇನ್ ಸುತ್ತ ಎದ್ದ ಭಯ ಮದ್ದು ಸೇವಿಸುವ ಎಲ್ಲ ತಾಯಂದಿರ ಮೇಲೂ ಎರಗಿತು. ದಕ್ಷಿಣ ಕ್ಯಾರೊಲೈನಾದ ಚಾರ್ಲ್ಸ್ಟನ್‌ನಲ್ಲಿ ಸರ್ಕಾರಿ ಆಸ್ಪತ್ರೆಯೊಂದು ಬಸುರಿಯರ ಮೂತ್ರವನ್ನು ಅವರ ಒಪ್ಪಿಗೆಯಿಲ್ಲದೆ ಪರೀಕ್ಷಿಸಿ ಪೊಲೀಸರಿಗೆ ತಿಳಿಸುತ್ತಿತ್ತು. ಇದು ಸಂವಿಧಾನಕ್ಕೆ ವಿರುದ್ಧವೆಂದು ಅಮೆರಿಕದ ಸುಪ್ರೀಂ ಕೋರ್ಟ್ 2001ರಲ್ಲಿ ತೀರ್ಪು ಕೊಟ್ಟಿತು. ಆಮೇಲೂ ಟೆನೆಸ್ಸೀ ರಾಜ್ಯ 2014ರಲ್ಲಿ, ಬಸುರಿಯಾಗಿದ್ದಾಗ ಮಾದಕ ಮದ್ದು ಸೇವಿಸಿ ಕೂಸಿಗೆ ತೊಂದರೆ ಮಾಡಿದರೆ ತಾಯಿಯ ಮೇಲೆ ಹಲ್ಲೆಯ ಮೊಕದ್ದಮೆ ಹೂಡಬಹುದೆಂಬ ಕಾನೂನು ತಂದಿತು. ಎರಡು ವರ್ಷಕ್ಕೆ ಅದು ಮುಗಿದುಹೋಯಿತು, ಮುಂದುವರಿಸಲಿಲ್ಲ. ಇಂಥ ಕಾನೂನು ಯಾವ ಕೂಸನ್ನೂ ಕಾಪಾಡುವುದಿಲ್ಲ. ಜೈಲಿಗೆ ಹೆದರಿದ ಹೆಂಗಸು ವೈದ್ಯರ ಬಳಿಗೇ ಬರುವುದಿಲ್ಲ.

ಅಷ್ಟರಲ್ಲಿ ಸಮಸ್ಯೆ ದೊಡ್ಡ ನಗರಗಳನ್ನು ಬಿಟ್ಟು ಹಳ್ಳಿಗಾಡಿಗೆ ದಾಟಿತ್ತು. 1996ರಲ್ಲಿ ಪರ್ಡ್ಯೂ ಎಂಬ ಔಷಧ ಕಂಪನಿ ಆಕ್ಸಿಕಾಂಟಿನ್ ಎಂಬ ಓಪಿಯಾಯ್ಡ್ ನೋವಿನ ಮಾತ್ರೆಯನ್ನು ಮಾರುಕಟ್ಟೆಗೆ ಬಿಟ್ಟಿತು. ಅದರ ಅಪಾಯವನ್ನು ಮರೆಮಾಚಿ ಪ್ರಚಾರ ಮಾಡಿದ್ದಕ್ಕೆ 2007ರಲ್ಲಿ ಕಂಪನಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು; ಅಷ್ಟು ಹೊತ್ತಿಗೆ ವೆಸ್ಟ್ ವರ್ಜೀನಿಯಾ, ಕೆಂಟಕಿಯ ಗಣಿ ಊರುಗಳು ನೋವಿನ ಮಾತ್ರೆಗಳಲ್ಲಿ ಮುಳುಗಿದ್ದವು. 2000ರಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ ಹುಟ್ಟಿದ ಪ್ರತಿ 1,000 ಕೂಸುಗಳಲ್ಲಿ 1.2 ಕೂಸುಗಳಿಗೆ ಈ ತೊಂದರೆಯಿತ್ತು, 2009ರ ಹೊತ್ತಿಗೆ ಅದು 3.39ಕ್ಕೆ ಏರಿತು. ಎನ್‌ಐಸಿಯುಗಳಲ್ಲಿ ಜಾಗ ಸಾಲದಾಯಿತು. ವೆಸ್ಟ್ ವರ್ಜೀನಿಯಾದ ಹಂಟಿಂಗ್ಟನ್‌ನಲ್ಲಿ ಈ ಕೂಸುಗಳಿಗೆಂದೇ 2014ರಲ್ಲಿ ಲಿಲೀಸ್ ಪ್ಲೇಸ್ ಎಂಬ ಆರೈಕೆ ಮನೆ ತೆರೆಯಿತು. ಇದರ ನಡುವೆ, 2010ರಲ್ಲಿ ಹೊರಬಂದ ಒಂದು ದೊಡ್ಡ ಅಧ್ಯಯನ ತಾಯಿಗೆ ಮೆಥಡೋನ್ ಬದಲು ಬ್ಯುಪ್ರೆನಾರ್ಫಿನ್ ಎಂಬ ಇನ್ನೊಂದು ಓಪಿಯಾಯ್ಡ್ ಕೊಟ್ಟರೆ ಕೂಸಿಗೆ ಬೇಕಾಗುವ ಮಾರ್ಫಿನ್ ಸರಾಸರಿ 10.4 ಮಿಲಿಗ್ರಾಮಿನಿಂದ 1.1ಕ್ಕೆ, ಆಸ್ಪತ್ರೆವಾಸ 17.5 ದಿನದಿಂದ 10ಕ್ಕೆ ಇಳಿಯುತ್ತದೆಂದು ತೋರಿಸಿತು.

ತಾಯಿಯನ್ನೂ ಕೂಸನ್ನೂ ಒಂದೇ ಕೋಣೆಯಲ್ಲಿಡುವ ಯೋಚನೆ ಕೈಗೂಡಿದ್ದು ಕೆನಡಾದ ವ್ಯಾಂಕೂವರ್‌ನಲ್ಲಿ. ಬಿ.ಸಿ. ಮಹಿಳಾ ಆಸ್ಪತ್ರೆಯಲ್ಲಿ 2003ರಲ್ಲಿ ಫಿರ್ ಸ್ಕ್ವೇರ್ ಎಂಬ ವಾರ್ಡ್ ಶುರುವಾಯಿತು. ಮದ್ದಿನ ಚಟವಿದ್ದ ಹೆಂಗಸರು ಹೆರಿಗೆಗೆ ಮೊದಲೇ ಬಂದು ಅಲ್ಲಿರಬಹುದು, ಬಾಣಂತನದಲ್ಲೂ ಕೂಸಿನ ಜೊತೆಗೇ ಉಳಿಯಬಹುದು. ವೈದ್ಯ ರಾನ್ ಅಬ್ರಹಾಂಸ್ ಮತ್ತು ಸಂಗಡಿಗರ 2007ರ ವರದಿಯ ಪ್ರಕಾರ, ಹೀಗೆ ಒಟ್ಟಿಗಿದ್ದ ಕೂಸುಗಳಿಗೆ ಮಾರ್ಫಿನ್ ಬೇಕಾದದ್ದು ಕಡಿಮೆ, ತಾಯಿಯ ಮಡಿಲಿನಲ್ಲೇ ಮನೆಗೆ ಹೋದವು ಹೆಚ್ಚು.

ಇದನ್ನು ದಿನನಿತ್ಯದ ಪದ್ಧತಿಯಾಗಿ ಕಟ್ಟಿದವರು ಅಮೆರಿಕದ ಯೇಲ್ ನ್ಯೂ ಹೇವನ್ ಮಕ್ಕಳ ಆಸ್ಪತ್ರೆಯ ಮ್ಯಾಥ್ಯೂ ಗ್ರಾಸ್‌ಮನ್ ಮತ್ತು ತಂಡದವರು. ಅವರು ಅಂಕಪಟ್ಟಿಯನ್ನು ಬದಿಗಿಟ್ಟು ಮೂರೇ ಪ್ರಶ್ನೆ ಇಟ್ಟುಕೊಂಡರು: ಕೂಸು ಹೊಟ್ಟೆತುಂಬ ಕುಡಿಯುತ್ತಿದೆಯೇ? ಎಚ್ಚರವಾಗದೆ ಒಂದು ಗಂಟೆಯಾದರೂ ಮಲಗುತ್ತದೆಯೇ? ಅತ್ತಾಗ ಹತ್ತು ನಿಮಿಷದೊಳಗೆ ಸಮಾಧಾನವಾಗುತ್ತದೆಯೇ? ಮೂರಕ್ಕೂ ಹೌದೆಂದಾದರೆ ಸೀನು, ಆಕಳಿಕೆ ಎಣಿಸುವ ಕೆಲಸವಿಲ್ಲ. ಇಲ್ಲವೆಂದಾದರೆ ಮೊದಲು ಕೋಣೆಯ ಬೆಳಕು, ಸದ್ದು ಇಳಿಸುತ್ತಾರೆ. ಬಟ್ಟೆಯಲ್ಲಿ ಬಿಗಿಯಾಗಿ ಸುತ್ತುತ್ತಾರೆ. ತಾಯಿಯ ಎದೆಗೆ ಬರಿಮೈಯಲ್ಲಿ ಒರಗಿಸುತ್ತಾರೆ. ಪದೇ ಪದೇ ಹಾಲೂಡಿಸುತ್ತಾರೆ. ತಾಯಿ ದಣಿದರೆ ತಂದೆ ಅಥವಾ ಅಜ್ಜಿ, ಅವರೂ ಇಲ್ಲದಿದ್ದರೆ ಎತ್ತಿಕೊಳ್ಳಲೆಂದೇ ಬರುವ ಸ್ವಯಂಸೇವಕರು. ಇಷ್ಟಾದರೂ ಕೂಸು ನೆಮ್ಮದಿಯಾಗದಿದ್ದರೆ ಮಾತ್ರ ಮಾರ್ಫಿನ್, ಅದೂ ಬೇಕೆನಿಸಿದಾಗ ಒಂದೊಂದು ಸಲ. ಚಿಕಿತ್ಸೆಯಲ್ಲಿದ್ದು ಬೇರೆ ಮಾದಕ ಮದ್ದು ಬಿಟ್ಟಿರುವ, ಬೇರೆ ಅಡ್ಡಿಯಿಲ್ಲದ ತಾಯಿ ಮೊಲೆಹಾಲು ಕೊಡಬಹುದು. ಮೆಥಡೋನ್ ಆಗಲಿ ಬ್ಯುಪ್ರೆನಾರ್ಫಿನ್ ಆಗಲಿ ಹಾಲಿನಲ್ಲಿ ಸೇರುವುದು ಅತ್ಯಲ್ಪ.

ಯೇಲ್‌ನಲ್ಲಿ ಮೆಥಡೋನ್ ಪಡೆದ ತಾಯಂದಿರ ಕೂಸುಗಳ ಆಸ್ಪತ್ರೆವಾಸ ಸರಾಸರಿ 22.4 ದಿನದಿಂದ 5.9ಕ್ಕೆ ಬಂತು, ಮಾರ್ಫಿನ್ ಬೇಕಾದ ಕೂಸುಗಳು ಶೇಕಡಾ 98ರಿಂದ 14ಕ್ಕೆ ಇಳಿದವು. 2017ರಲ್ಲಿ ಪ್ರಕಟವಾದ ಈ ಅಂಕಿಗಳನ್ನು ಹಲವರು ನಂಬಲಿಲ್ಲ. ಒಂದೇ ಆಸ್ಪತ್ರೆಯ ಅನುಭವವಾದ್ದರಿಂದ ಆ ಅನುಮಾನ ನ್ಯಾಯವೇ ಆಗಿತ್ತು. ಉತ್ತರ 2023ರಲ್ಲಿ ಸಿಕ್ಕಿತು: 26 ಆಸ್ಪತ್ರೆಗಳ 1,305 ಕೂಸುಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಹಳೆಯ ಪದ್ಧತಿಯ ಕೂಸುಗಳು ಸರಾಸರಿ 14.9 ದಿನಕ್ಕೆ, ಹೊಸ ಪದ್ಧತಿಯವು 8.2 ದಿನಕ್ಕೆ ಡಿಸ್ಚಾರ್ಜ್‌ಗೆ ಸಿದ್ಧವಾದವು. ಮದ್ದು ಬೇಕಾದದ್ದು ಶೇಕಡಾ 52ರ ಬದಲು ಶೇಕಡಾ 19.5 ಕೂಸುಗಳಿಗೆ. ಕ್ಲಾರಾ ಹೇಲ್ ಕೈಯಲ್ಲಿ ಮಾಡಿದ್ದನ್ನು ವೈದ್ಯಶಾಸ್ತ್ರ ಅಂಕಿಗಳಲ್ಲಿ ಒಪ್ಪಿಕೊಳ್ಳಲು ಐವತ್ತನಾಲ್ಕು ವರ್ಷ ಹಿಡಿಯಿತು.

ಕೂಸಿನ ನಡುಕ ಕೆಲವು ವಾರಗಳಲ್ಲಿ ತಗ್ಗುತ್ತದೆ. ತಾಯಿಯ ಕಾಯಿಲೆ ಅಷ್ಟು ಬೇಗ ಬಿಡುವಂಥದಲ್ಲ. ಮ್ಯಾಸಚೂಸೆಟ್ಸ್‌ನ ದಾಖಲೆಗಳನ್ನು ನೋಡಿದ ಸಂಶೋಧಕರಿಗೆ, ಇಂಥ ತಾಯಂದಿರು ಮದ್ದು ಮಿತಿಮೀರಿ ಅಪಾಯಕ್ಕೆ ಬೀಳುವುದು ಹೆರಿಗೆಯಾದ ಏಳರಿಂದ ಹನ್ನೆರಡನೇ ತಿಂಗಳ ನಡುವೆ ಅತಿ ಹೆಚ್ಚೆಂದು 2018ರಲ್ಲಿ ಗೊತ್ತಾಯಿತು. ಹೆರಿಗೆ ವಾರ್ಡು ಅವಳನ್ನು ಕಳಿಸಿ ತಿಂಗಳುಗಳಾಗಿರುತ್ತವೆ, ಮನೆಗೆ ಬರುವ ನರ್ಸ್ ನಿಂತಿರುತ್ತಾಳೆ, ಮಗುವಿನ ನಿದ್ದೆಗೇಡು ಮುಂದುವರಿದಿರುತ್ತದೆ. ಅಮೆರಿಕದ 2016ರ ಕೇಂದ್ರ ಕಾನೂನು ಮನೆಗೆ ಹೊರಡುವ ಕೂಸಿನ ಆರೈಕೆಯ ಯೋಜನೆಯಲ್ಲಿ ತಾಯಿ ಮತ್ತು ಕುಟುಂಬದವರ ಚಿಕಿತ್ಸೆಯನ್ನೂ ಸೇರಿಸಬೇಕೆಂದಿತು. ಬಡವರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇಡ್ ಮೊದಲು ಹೆರಿಗೆಯಾದ 60 ದಿನಕ್ಕೆ ಬಾಣಂತಿಯ ಕೈಬಿಡುತ್ತಿತ್ತು. 2022ರ ಏಪ್ರಿಲ್‌ನಿಂದ ರಾಜ್ಯಗಳು ಅದನ್ನು 12 ತಿಂಗಳಿಗೆ ವಿಸ್ತರಿಸಬಹುದಾಯಿತು. ಅಮೆರಿಕದ ಬಹುಪಾಲು ರಾಜ್ಯಗಳು ವಿಸ್ತರಿಸಿವೆ.