ಛಲ, ಜಿದ್ದು, ಹಟ: ಗಡಿನಾಡಿನ ಶಬ್ದವಿಚಾರ

ಸೊಲ್ಲಾಪುರ, ಅಕ್ಕಲಕೋಟೆಗಳು 1956ರಲ್ಲಿ ಮುಂಬಯಿ ರಾಜ್ಯದಲ್ಲಿಯೇ ಉಳಿದು, 1960ರ ಮೇ 1ರಿಂದ ಮಹಾರಾಷ್ಟ್ರಕ್ಕೆ ಸೇರಿದವು. ಇಲ್ಲಿ ಕನ್ನಡ ಮರಾಠಿಗಳ ಒಡನಾಟವು ಅದಕ್ಕಿಂತ ಬಹು ಹಳೆಯದು. ಆದುದರಿಂದ ಎರಡೂ ನುಡಿಗಳಲ್ಲಿ ಕೇಳುವ ಶಬ್ದಕ್ಕೆ ಅರ್ಥವೂ ಒಂದೇ ಎಂದು ನಾವು ಭಾವಿಸುವದು ಸಹಜ. ಹಿಡಿದುದನ್ನು ಬಿಡದ ಸ್ವಭಾವವನ್ನು ಹೇಳುವ ಶಬ್ದಗಳಲ್ಲಿ ಈ ಭಾವನೆ ದಾರಿ ತಪ್ಪಿಸುವದು.

ಸಂಸ್ಕೃತದಲ್ಲಿ 'ಛಲ'ವೆಂದರೆ ಕಪಟ. ಮರಾಠಿಯಲ್ಲಿ 'ಛಳ'ವೆಂದರೆ ಪೀಡೆ. ಕನ್ನಡದಲ್ಲಾದರೋ ಅದೊಂದು ಹಿರಿಯ ಗುಣ. 10ನೆಯ ಶತಕದ ಪಂಪನು ದುರ್ಯೋಧನನನ್ನು ಕೊಂಡಾಡಿದುದು ಛಲಕ್ಕಾಗಿಯೇ. ಅರಬ್ಬಿ ಮೂಲದ 'ಜಿದ್ದು' ಇದಕ್ಕೆ ವಿಪರೀತ. ಮರಾಠಿಗರ 'ಜಿದ್ದ' ಧ್ಯೇಯ ಬಿಡದವನ ಹೊಗಳಿಕೆ. ನಮ್ಮ 'ಜಿದ್ದು' ಎದುರಾಳಿಯ ಮೇಲಣ ಹಗೆ. 'ಹಟ' ಎರಡೂ ಕಡೆಗೆ ಹೆಚ್ಚಾಗಿ ಕೂಸುಗಳದು. 'ಮೊಂಡು' ನಮ್ಮದೇ ಮಾತು: ಹರಿತವಿಲ್ಲದ ಕುಡಗೋಲಿಗೂ ಬುದ್ಧಿಮಾತು ನಾಟದ ಮನಸ್ಸಿಗೂ ಒಂದೇ ಹೆಸರು.

1930ರಲ್ಲಿ ಸೊಲ್ಲಾಪುರದ ಮೇಲೆ ಲಷ್ಕರಿ ಕಾಯಿದೆ ಹೇರಲ್ಪಟ್ಟಿತು. 1931ರ ಜನೆವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ ಸಾರಡಾ, ಜಗನ್ನಾಥ ಶಿಂದೆ, ಕುರ್ಬಾನ ಹುಸೇನರು ಯರವಡಾ ಸೆರೆಮನೆಯಲ್ಲಿ ಗಲ್ಲಿಗೇರಿದರು. ಅವರ ಗುಣವನ್ನು ಕನ್ನಡಿಗನು ಛಲವೆನ್ನುವನು, ಮರಾಠಿಗನು ಜಿದ್ದವೆನ್ನುವನು. ಕೇಳುವವರು ಅರ್ಥವನ್ನು ಅದಲುಬದಲು ಮಾಡಿದರೆ ಹುತಾತ್ಮರೇ ಪೀಡಕರೂ ಹಗೆಗಾರರೂ ಆದಾರು!

ಶಾಲೆಯಲ್ಲಿಯೂ ಹೀಗೆಯೇ. ಉತ್ತರ ದೊರೆಯುವವರೆಗೆ ಕೇಳುತ್ತಲೇ ಇರುವ ಮಗುವನ್ನು ಮೊಂಡನೆಂದು ಕರೆದರೆ ಅದರ ಛಲ ಅಲ್ಲಿಗೇ ಅಡಗುವದು. ಎರಡು ನುಡಿಗಳ ನಡುವೆ ಬೆಳೆಯುವ ಮಕ್ಕಳಿಗೆ ಶಬ್ದವನ್ನು ತೂಗಿ ಕೊಡುವ ಹೊಣೆ ಶಿಕ್ಷಕರಾದ ನಮ್ಮೆಲ್ಲರದು.