ಬಟ್ಟೆ ಒಣಗಿತೆಂದು ಯಂತ್ರಕ್ಕೆ ಹೇಳುವವರು ಯಾರು?

ಹಗ್ಗದ ಮೇಲೆ ಹರವಿದ ಬಟ್ಟೆ ಒಣಗಿದೆಯೇ ಎಂದು ತಿಳಿಯಲು ನೀವು ಅದನ್ನು ಮುಟ್ಟಿ ನೋಡುತ್ತೀರಿ. ಈ ಸರಳ ಕೆಲಸವನ್ನು ಯಂತ್ರಕ್ಕೆ ಕಲಿಸಲು ಬಹಳ ಕಾಲ ಹಿಡಿಯಿತು.

1800ರ ಸುಮಾರಿಗೆ ಫ್ರಾನ್ಸಿನ ಪೋಷೋನ್ ಎಂಬವರು ತೂತುಗಳಿರುವ ಪೀಪಾಯಿಯಲ್ಲಿ ಬಟ್ಟೆ ತುಂಬಿ, ಬೆಂಕಿಯ ಮೇಲೆ ಕೈಯಿಂದ ತಿರುಗಿಸುವ ಸಾಧನವನ್ನು ರೂಪಿಸಿದರು. 1892ರಲ್ಲಿ ಅಮೆರಿಕದ ಜಾರ್ಜ್ ಸ್ಯಾಂಪ್ಸನ್ ಒಲೆಯ ಶಾಖದಿಂದ ಬಟ್ಟೆ ಒಣಗಿಸುವ ಚೌಕಟ್ಟಿಗೆ ಪೇಟೆಂಟ್ ಪಡೆದರು. ನಾರ್ತ್ ಡಕೋಟಾದ ಜೆ. ರಾಸ್ ಮೂರ್ ಅವರ ಪ್ರಯತ್ನದ ಫಲವಾಗಿ 1938ರಲ್ಲಿ ಅಲ್ಲಿ ಡ್ರೈಯರ್ ಮಾರುಕಟ್ಟೆಗೆ ಬಂತು.

ಮುಚ್ಚಿದ ಯಂತ್ರ ಯಾವಾಗ ನಿಲ್ಲಬೇಕು? ಟೈಮರ್ ಇದಕ್ಕೆ ಸುಲಭದ ಉತ್ತರ. ಆದರೆ ಟೈಮರ್ ಅಳೆಯುವುದು ನಿಮಿಷಗಳನ್ನು, ತೇವವನ್ನಲ್ಲ. ನಿಮ್ಮ ಊಹೆ ತಪ್ಪಿದರೆ ಬಟ್ಟೆ ಹಸಿಯಾಗಿ ಉಳಿಯುತ್ತದೆ, ಇಲ್ಲವೇ ಒಣಗಿದ ಮೇಲೂ ಕಾಯುತ್ತಿರುತ್ತದೆ.

ಮುಂದಿನ ಉಪಾಯ ಥರ್ಮೋಸ್ಟಾಟ್. ನೀರು ಆವಿಯಾಗುವಾಗ ಶಾಖವನ್ನು ಹೀರುತ್ತದೆ. ಆದ್ದರಿಂದ ತೇವವಿರುವವರೆಗೆ ಹೊರಹೋಗುವ ಗಾಳಿ ಅಷ್ಟಾಗಿ ಬಿಸಿಯಾಗದು. ತೇವ ಕಡಿಮೆಯಾದಂತೆ ಅದರ ಉಷ್ಣತೆ ಏರುತ್ತದೆ. ಆಗ ಥರ್ಮೋಸ್ಟಾಟ್ ಹೀಟರನ್ನು ನಿಲ್ಲಿಸಿ ಟೈಮರನ್ನು ಮುಂದೆ ಸರಿಸುತ್ತದೆ. ಇದು ಗಾಳಿಯನ್ನು ನೋಡಿ ಬಟ್ಟೆಯ ಸ್ಥಿತಿಯನ್ನು ಅಂದಾಜಿಸುವ ವಿಧಾನ.

ಸಂವೇದಕ ಬಟ್ಟೆಯನ್ನೇ 'ಮುಟ್ಟಿ' ನೋಡುತ್ತದೆ. ಪೀಪಾಯಿಯೊಳಗಿನ ಎರಡು ಲೋಹದ ಪಟ್ಟಿಗಳಿಗೆ ಹಸಿ ಬಟ್ಟೆ ತಗುಲಿದಾಗ ಅತ್ಯಲ್ಪ ವಿದ್ಯುತ್ ಹರಿಯುತ್ತದೆ. ಬಟ್ಟೆ ಒಣಗಿದಂತೆ ರೋಧ ಹೆಚ್ಚುತ್ತದೆ.

ಇದರಿಂದ ಎಷ್ಟು ಉಳಿತಾಯ? ಅಮೆರಿಕದ ಇಂಧನ ಇಲಾಖೆಯ 1981ರ ಪರೀಕ್ಷಾ ವಿಧಾನದಲ್ಲಿ, ಬಟ್ಟೆಯಲ್ಲಿ ಶೇ. 2.5ರಿಂದ 5ರಷ್ಟು ತೇವ ಉಳಿದಾಗ ಪರೀಕ್ಷಕರೇ ಯಂತ್ರವನ್ನು ನಿಲ್ಲಿಸುತ್ತಿದ್ದರು. ಬಳಿಕ ಅಳತೆಯನ್ನು ಟೈಮರ್ ಮಾತ್ರ ಇರುವ ಯಂತ್ರಕ್ಕೆ 1.18ರಿಂದ, ಸ್ವಯಂಚಾಲಿತ ಯಂತ್ರಕ್ಕೆ 1.04ರಿಂದ ಗುಣಿಸುತ್ತಿದ್ದರು. ಸ್ವಯಂಚಾಲಿತ ಯಂತ್ರ ಸರಿಯಾದ ಹೊತ್ತಿಗೆ ನಿಲ್ಲುತ್ತದೆಂಬುದು ಇಲ್ಲಿ ನಂಬಿಕೆಯಷ್ಟೇ, ಪರೀಕ್ಷೆಯಲ್ಲ! 2013ರಲ್ಲಿ ಇಲಾಖೆ ಪ್ರಕಟಿಸಿದ ಇನ್ನೊಂದು ವಿಧಾನದಲ್ಲಿ ಯಂತ್ರ ತಾನಾಗಿಯೇ ನಿಲ್ಲಬೇಕು. ಉಳಿದ ತೇವ ಶೇ. 2ನ್ನು ಮೀರಬಾರದು. ಒಣಗಿದ ಮೇಲೂ ಓಡಿದರೆ ಆ ವಿದ್ಯುತ್ತೂ ಲೆಕ್ಕಕ್ಕೆ ಸೇರುತ್ತದೆ.

ನೀವು ಡ್ರೈಯರ್ ಬಳಸುವುದಾದರೆ ದಿನನಿತ್ಯದ ಬಟ್ಟೆಗೆ ಸ್ವಯಂಚಾಲಿತ ಆವರ್ತನವನ್ನೇ ಆರಿಸಿ. ಒಂದೆರಡೇ ಬಟ್ಟೆಗಳಿದ್ದರೆ ಅವು ಪಟ್ಟಿಗಳಿಗೆ ಸರಿಯಾಗಿ ತಗುಲದೆ ಯಂತ್ರ ಬೇಗ ನಿಲ್ಲಬಹುದು. ಅಂಥಲ್ಲಿ ಟೈಮರ್ ಅನುಕೂಲ. ಪಟ್ಟಿಗಳನ್ನು ಆಗಾಗ ಒರೆಸಿಡಿ. ಅವುಗಳ ಮೇಲೆ ಜಿಡ್ಡು ಕೂತರೆ ಯಂತ್ರದ ಸ್ಪರ್ಶಜ್ಞಾನವೂ ಮಂಕಾಗುತ್ತದೆ.