ಗುಲ್ವಾಡಿ ಎಂಬ ಹೆಸರು

ಸ್ಪೇನ್ ದೇಶದ ಆಲ್ಕಾಲಾ ನಗರವನ್ನು ನೋಡಹೋದವರು ಸರ್ವಾಂಟಿಸನು ಹುಟ್ಟಿದನೆಂದು ಹೇಳಲಾಗುವ ಮನೆಯನ್ನು ಕಾಣದೆ ಹಿಂದಿರುಗುವುದು ಅಪರೂಪ. ನಮ್ಮಲ್ಲಿಯೂ ಅಂಥ ಯಾತ್ರೆಗೆ ತಕ್ಕ ಊರುಗಳಿಗೆ ಕೊರತೆಯಿಲ್ಲ, ಕೊರತೆಯಿರುವುದು ಯಾತ್ರಿಕರಿಗೆ. ಕುಂದಾಪುರ ತಾಲ್ಲೂಕಿನ ಗುಲ್ವಾಡಿ ಅಂಥದೊಂದು ಊರು. ಸಾರಸ್ವತ ಮನೆತನಗಳು ಬಿಜೂರು, ಬೆನೆಗಲ್, ಕಾರ್ನಾಡು ಎಂದು ತಮ್ಮ ಊರಿನ ಹೆಸರನ್ನು ಹೊತ್ತು ದೇಶಾಂತರ ಹೋದಂತೆ ಈ ಊರಿನ ಹೆಸರೂ ದೂರ ಹೋಯಿತು. ಅದನ್ನು ಕನ್ನಡ ಸಾಹಿತ್ಯದೊಳಕ್ಕೆ ತಂದವರು ಗುಲ್ವಾಡಿ ವೆಂಕಟರಾಯರು (1844–1913).

ವೆಂಕಟರಾಯರು ಪಂಡಿತರಲ್ಲ, ಉಪಾಧ್ಯಾಯರೂ ಅಲ್ಲ. ಪೋಲೀಸು ಇಲಾಖೆಯ ಅಧಿಕಾರಿಗಳು. ಅವರ ಮನೆಮಾತು ಕೊಂಕಣಿ. ಆದರೂ 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಿದ್ದ ಅವರ 'ಇಂದಿರಾಬಾಯಿ ಅಥವಾ ಸದ್ಧರ್ಮವಿಜಯ'ವು ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಗಣನೆಗೆ ಬಂದಿದೆ.

ಅದೇ ಕಾಲದಲ್ಲಿ ಅದೇ ಜಿಲ್ಲೆಯಲ್ಲಿ ನಂದಳಿಕೆಯ ಮುದ್ದಣನು ತಾನು ಬರೆದುದನ್ನೇ ಹಳೆಯ ಕವಿಯ ಓಲೆಗ್ರಂಥವೆಂದು ಹೇಳಿ ನಮ್ಮ ಮೈಸೂರಿನ 'ಕಾವ್ಯಕಲಾನಿಧಿ'ಗೆ ಕಳುಹಿಸುತ್ತಿದ್ದನು. ಹೊಸತಕ್ಕೆ ಹಳೆಯ ಉಡುಪು ತೊಡಿಸಿದ ಹೊರತು ಮನ್ನಣೆ ದೊರೆಯದೆಂಬ ಅಂಜಿಕೆ ಅವನದು. ಆ ಅಂಜಿಕೆಯಿಂದಲೇ ಅಷ್ಟು ಸೊಗಸಾದ ಗದ್ಯ ಹುಟ್ಟಿತೆಂಬುದು ನಮ್ಮ ಭಾಗ್ಯವೆನ್ನಿ! ವೆಂಕಟರಾಯರಾದರೋ ತಮ್ಮ ಕಣ್ಣೆದುರಿನ ಮನೆಗಳನ್ನು, ಲಂಚ ತಿನ್ನುವ ಅಧಿಕಾರಿಯನ್ನು, ಭಕ್ತಿಯ ಸೋಗು ಹಾಕಿದ 'ಸಂತ'ರ ಮಂಡಳಿಯನ್ನು ಹಾಗೆಯೇ ಬರೆದರು. ಪೋಲೀಸು ಕೆಲಸದಲ್ಲಿ ಪಳಗಿದ ಕಣ್ಣು ಇಲ್ಲಿ ಉಪಕಾರಕ್ಕೆ ಬಂದಿರಬೇಕು.

ಕಥೆಯ ತಿರುಳು ಹೀಗಿದೆ. ಭೀಮರಾಯ ಮತ್ತು ಅಂಬಾಬಾಯಿಯರ ಮಗಳು ಇಂದಿರೆ ಎಳೆಯ ವಯಸ್ಸಿನಲ್ಲಿಯೇ ವಿಧವೆಯಾಗುತ್ತಾಳೆ. ಆ ಸಂತರ ಸೇವೆಯಲ್ಲಿ ಅವಳು ಬಾಳನ್ನು ಸವೆಯಿಸಬೇಕೆಂಬುದು ಹೆತ್ತವರ ಇಚ್ಛೆ. ಅವಳು ಒಪ್ಪದೆ ಮನೆಯಿಂದ ಹೊರಬಿದ್ದು ಸುಧಾರಕನಾದ ಅಮೃತರಾಯನ ಆಶ್ರಯವನ್ನು ಸೇರುತ್ತಾಳೆ, ವಿದ್ಯೆ ಕಲಿಯುತ್ತಾಳೆ, ಕಡೆಗೆ ವಿಲಾಯಿತಿಯಿಂದ ಮರಳಿದ ಭಾಸ್ಕರನನ್ನು ವರಿಸುತ್ತಾಳೆ.

ವಿಧವಾವಿವಾಹವನ್ನು ಊರ್ಜಿತಗೊಳಿಸಿದ ಕಾನೂನು 1856ರಷ್ಟು ಹಿಂದೆಯೇ ಬಂದಿತ್ತು. ಆದರೆ ಕಾನೂನು ಮನೆಯ ಅಗುಳಿಯನ್ನು ತೆಗೆಯಲಾರದು. ತಲೆ ಬೋಳಿಸಿಕೊಂಡು ಮೂಲೆ ಸೇರಿದ ಹೆಣ್ಣುಮಕ್ಕಳು ಆ ನಲವತ್ತಮೂರು ವರ್ಷಗಳ ಬಳಿಕವೂ ಮನೆಮನೆಗಳಲ್ಲಿ ಇದ್ದರು. ಸಮುದ್ರ ದಾಟಿ ಬಂದವನಿಗೆ ಜಾತಿಯಿಂದ ಬಹಿಷ್ಕಾರವೂ ತಪ್ಪಿದ್ದಲ್ಲ. ಇವರಿಬ್ಬರನ್ನೂ ಒಂದೇ ಹಸೆಮಣೆಯ ಮೇಲೆ ಕೂರಿಸಿ ಅದಕ್ಕೆ 'ಸದ್ಧರ್ಮ'ದ ವಿಜಯವೆಂದು ಹೆಸರಿಟ್ಟುದು ಸಾಮಾನ್ಯವಾದ ಧೈರ್ಯವಲ್ಲ. ಧರ್ಮವೆಂಬ ಮಾತನ್ನು ಎದುರಾಳಿಗಳಿಗೆ ಬಿಟ್ಟುಕೊಡದೆ ತಮ್ಮ ಕಡೆಗೇ ಎಳೆದುಕೊಂಡುದರಲ್ಲಿ ಗ್ರಂಥಕರ್ತರ ಜಾಣ್ಮೆಯಿದೆ.

ದೋಷಗಳಿಲ್ಲವೆಂದಲ್ಲ. ಪಾತ್ರಗಳು ಮಾತನಾಡುವುದಕ್ಕಿಂತ ಉಪದೇಶಿಸುವುದೇ ಹೆಚ್ಚು. ಇಂದಿರೆಯ ಸಾಹಸಕ್ಕೆ ಬಹುಮಾನವಾಗಿ ಇಂಗ್ಲೆಂಡಿನಲ್ಲಿ ಓದಿದ ಗಂಡನೇ ಏಕೆ ಬೇಕಾಗಿತ್ತು ಎಂದು ಇಂದಿನ ವಿದ್ಯಾರ್ಥಿಗಳು ಕೇಳುತ್ತಾರೆ; ಕೇಳುವುದು ನ್ಯಾಯವೇ. ನನಗಾದರೋ ಆ ಮದುವೆಗಿಂತ ಅವಳು ಹೊಸಿಲು ದಾಟಿದ ಗಳಿಗೆಯೇ ದೊಡ್ಡದಾಗಿ ತೋರುತ್ತದೆ. ಆಗ ಭಾಸ್ಕರನೂ ಇಲ್ಲ, ವಿಲಾಯಿತಿಯೂ ಇಲ್ಲ. ಇದ್ದುದು ಅವಳ ನಿಶ್ಚಯವೊಂದೇ.

ಮುಂದೆ ವೆಂಕಟರಾಯರು 'ಭಾಗೀರಥಿ', 'ಸೀಮಂತಿನಿ' ಮೊದಲಾದುವನ್ನು ಬರೆದರು. ಅದೇ ಹೆಸರಿನ ಗುಲ್ವಾಡಿ ಅಣ್ಣಾಜಿರಾಯರು 'ರೋಹಿಣಿ'ಯನ್ನು ಬರೆದರು, ಮಂಗಳೂರಿನ ಬೋಳಾರ ಬಾಬುರಾಯರು 'ವಾಗ್ದೇವಿ'ಯನ್ನು. ಆ ಕರಾವಳಿಯ ಕೋಟದಲ್ಲಿ 1902ರಲ್ಲಿ ಶಿವರಾಮ ಕಾರಂತರೂ, ಮೊಗೇರಿಯಲ್ಲಿ 1918ರಲ್ಲಿ ಗೋಪಾಲಕೃಷ್ಣ ಅಡಿಗರೂ ಹುಟ್ಟಿದುದನ್ನು ಶ್ರೋತೃಗಳಿಗೆ ಬೇರೆ ಹೇಳಬೇಕಾಗಿಲ್ಲ.

'ಇಂದಿರಾಬಾಯಿ'ಯನ್ನು ಕೌಚ್‌ಮನ್ ಎಂಬ ಆಂಗ್ಲ ಅಧಿಕಾರಿಯು 1903ರಲ್ಲಿಯೇ ಇಂಗ್ಲಿಷಿಗೆ ಪರಿವರ್ತಿಸಿದನು. ಎರಡನೆಯ ಭಾಷಾಂತರಕ್ಕೆ ಅವಳು 2019ರವರೆಗೆ ಕಾಯಬೇಕಾಯಿತು. ಅದನ್ನು ಮಾಡಿದವರು ವನಮಾಲಾ ವಿಶ್ವನಾಥ ಮತ್ತು ಶಿವರಾಮ ಪಡಿಕ್ಕಲ್ ಅವರು.